ತಿರುವಿನಲ್ಲಿ ನಿಂತ ಕಾರು

ಬಕೆಟ್ ತುಂಬಿದ ಮೇಲೆ ತಂದೆಗೆ ನೆನಪಾಯಿತು, ಇಂದು ತೊಳೆಯಲು ಕಾರಿಲ್ಲ. ಅದು ಬೆಳಿಗ್ಗೆಯೇ ಗ್ಯಾರೇಜು ಸೇರಿತ್ತು. ಮಗ ಮೆಕ್ಯಾನಿಕ್ ಕೊಟ್ಟ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗಿದ್ದ. ಅವರು ನಲ್ಲಿ ನಿಲ್ಲಿಸುತ್ತಿದ್ದಾಗ ಒಳಗೆ ಫೋನು ರಿಂಗಾಯಿತು. ಸೊಸೆ ಎತ್ತಿಕೊಂಡಳು. "ಹೌದು, ನಾನೇ ಅವರ ಹೆಂಡ್ತಿ" ಎಂದಳು.

ಲಾರಿಯೊಂದು ಪಕ್ಕದಿಂದ ಬಂದು ಬಡಿದಿತ್ತು. ಸ್ಕೂಟರಿಗೆ ಹೆಚ್ಚೇನೂ ಆಗಿರಲಿಲ್ಲ. ಮಗ ಉಳಿಯಲಿಲ್ಲ.

ಎರಡು ವಾರ ಕಳೆಯಿತು. ತಂದೆ ಅತ್ತದ್ದನ್ನು ಯಾರೂ ನೋಡಲಿಲ್ಲ. ಅವರ ಎದೆಯಲ್ಲಿ ಇದ್ದುದು ಒಂದೇ ಪ್ರಶ್ನೆ. ಅಂದು ಕಾರು ಮನೆಯಲ್ಲಿದ್ದಿದ್ದರೆ? ಅದು ಗ್ಯಾರೇಜಿನಲ್ಲಿದ್ದದ್ದು ಯಾರ ತಪ್ಪಿನಿಂದ?

ಎರಡು ವರ್ಷದಲ್ಲಿ ಅದು ನಾಲ್ಕನೆಯ ಸಲ. ಬ್ರೇಕ್ ಒತ್ತಿದರೆ ಸಾಕು, ಸ್ಟೇರಿಂಗ್ ಗಡಗಡ ನಡುಗುತ್ತಿತ್ತು. ಚಕ್ರದ ಒಳಬದಿಯ ಬ್ರೇಕಿನ ಡಿಸ್ಕ್, ಆ ಕಬ್ಬಿಣದ ತಟ್ಟೆ, ಸೊಟ್ಟಗಾಗಿದೆ ಎಂದು ಮೆಕ್ಯಾನಿಕ್ ಹೊಸದು ಹಾಕುವನು. ಕೆಲವು ತಿಂಗಳಲ್ಲಿ ಅದೂ ಸೊಟ್ಟಗೆ. ತಂದೆ ಅವನಿಗೆ 'ಸೊಟ್ಟಪ್ಪ' ಎಂದೇ ಹೆಸರಿಟ್ಟಿದ್ದರು.

"ಆ ಸೊಟ್ಟಪ್ಪನನ್ನ ಬಿಟ್ಟು ಬೇರೆ ಕಡೆ ತೋರ್ಸೋ."

"ಅವನ ತಪ್ಪಲ್ಲ ಅಪ್ಪಾ," ಮಗ ನಗುತ್ತಿದ್ದ. "ನಮ್ ಕಾರಿಗೆ ನಿಮ್ಮನ್ನ ಕಂಡ್ರೆ ಭಯ. ಅದಕ್ಕೇ ನಡುಗುತ್ತೆ."

ತಂದೆ ಬಸ್ ಡಿಪೋದಲ್ಲಿ ಮೂವತ್ತೈದು ವರ್ಷ ಬಸ್ಸು ತೊಳೆದವರು. ಗಾಡಿ ಬಂದು ನಿಂತ ಕೂಡಲೇ ತೊಳೆಯಬೇಕು, ಧೂಳು ಕಚ್ಚಿಕೊಳ್ಳುವ ಮೊದಲು. ಇದು ಅವರು ಅಲ್ಲಿ ಕಲಿತ ಪಾಠ. ನಿವೃತ್ತರಾದ ಮೇಲೆ ಅವರ ಕೈಗೆ ಉಳಿದದ್ದು ಮಗನ ಕಾರೊಂದೇ. ಸಂಜೆ ಅದು ಉದ್ದನೆಯ ಇಳಿಜಾರನ್ನು ಇಳಿದು ಅಂಗಳಕ್ಕೆ ಬರುವಾಗ ಬಕೆಟ್ ಸಿದ್ಧವಾಗಿರುತ್ತಿತ್ತು. ಮೊದಲ ಚೊಂಬು ಚಕ್ರಕ್ಕೆ. ಅದು ಚುಂಯ್ ಎನ್ನುವಾಗ, "ದೇವರೇ, ಇವತ್ತೂ ಮನೆ ಮುಟ್ಟಿಸಿದೆ" ಎಂದು ಕಣ್ಣು ಮುಚ್ಚುವರು. ಮಗ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋಗುವನು.

ಮೂರನೆಯ ಸಲ ಡಿಸ್ಕ್ ಹಾಕಿಸಿದ ಮೇಲೆ ಕಾರು ನಾಲ್ಕು ತಿಂಗಳು ತಣ್ಣಗೆ ಓಡಿತು. ಆದರೆ ಮಗ ಬರುವುದು ತಡವಾಗತೊಡಗಿತು. ದಿನವೂ ಅರ್ಧ ಗಂಟೆ. ಶಾಲೆ ಬಿಟ್ಟ ಮಗಳನ್ನು ಕರೆದುಕೊಂಡು ನೇರ ಬರಬೇಕಾದವನು ಎಲ್ಲಿಗೆ ಹೋಗುತ್ತಾನೆ? ಪಕ್ಕದ ಮನೆಯವರು ಹೇಳಿದರು: ಇಳಿಜಾರು ಮುಗಿಯುವ ತಿರುವಿನಲ್ಲಿ ಕಾರು ಸುಮ್ಮನೆ ನಿಂತಿರುತ್ತದೆ, ಅಪ್ಪ ಮಗಳು ಒಳಗೆ ಕೂತಿರುತ್ತಾರೆ.

ಅಂದು ತಂದೆ ಬಾಗಿಲಲ್ಲೇ ತಡೆದರು. "ಮನೆಗೆ ಬರೋಕೆ ಅಷ್ಟು ಬೇಜಾರೇನೋ? ಮುದುಕ ಬಕೆಟ್ ಹಿಡ್ಕೊಂಡು ಕಾಯ್ತಾ ಇರ್ತಾನೆ ಅನ್ನೋದಾದ್ರೂ ಬೇಡ್ವಾ?"

ಮೊಮ್ಮಗಳು ಏನೋ ಹೇಳಲು ಬಾಯಿ ತೆರೆದಳು. ಮಗ ಅವಳ ತಲೆಯ ಮೇಲೆ ಕೈಯಿಟ್ಟ. "ತಪ್ಪಾಯ್ತು ಅಪ್ಪಾ. ನಾಳೆಯಿಂದ ನೇರ ಬರ್ತೀನಿ."

ಮಾತಿನಂತೆ ಬಂದ. ಎರಡು ತಿಂಗಳಲ್ಲಿ ಸ್ಟೇರಿಂಗ್ ಮತ್ತೆ ನಡುಗಿತು. ಕಾರು ಗ್ಯಾರೇಜಿಗೆ ಹೋಯಿತು. ಮಗ ಸ್ಕೂಟರ್ ಹತ್ತಿದ.

ಕಾರನ್ನು ತರಲು ಸೊಸೆ ಹೊರಟಾಗ ತಂದೆಯೂ ಹೊರಟರು. ಮೊಮ್ಮಗಳು ಜೊತೆಗೆ ಬಂದಳು. ಗ್ಯಾರೇಜಿನ ಎಣ್ಣೆ ಹಿಡಿದ ನೆಲದ ಮೇಲೆ, ಸೊಟ್ಟಗಾದ ಹಳೆಯ ಡಿಸ್ಕುಗಳು ಒಂದರ ಮೇಲೊಂದು ಬಿದ್ದಿದ್ದವು. ಮೆಕ್ಯಾನಿಕ್ ಎದ್ದು ನಿಂತ. ತಂದೆ ಎರಡು ವಾರ ನುಂಗಿಕೊಂಡಿದ್ದನ್ನೆಲ್ಲ ಅಲ್ಲಿ ಕಕ್ಕಿದರು.

"ಮೂವತ್ತೈದು ವರ್ಷ ಬಸ್ ತೊಳ್ದಿದೀನಿ ಕಣಯ್ಯಾ. ಒಂದೇ ಒಂದು ಚಕ್ರ ಹೀಗೆ ನಡುಗಲಿಲ್ಲ. ನಿನ್ನ ಕೈಲಿ ಒಂದು ಕಾರು ನೆಟ್ಟಗೆ ಮಾಡೋಕೆ ಆಗ್ಲಿಲ್ಲ. ನನ್ನ ಮಗನ್ನ ತಿಂದ್ಕೊಂಡೆ."

"ಆ ಬಸ್ಸುಗಳ ಬ್ರೇಕ್ ಮುಚ್ಚಿದ ಡಬ್ಬದೊಳಗೆ ಇರ್ತಿತ್ತು ಯಜಮಾನ್ರೇ. ಕಾರಿಂದು ತೆರ್ಕೊಂಡೇ..." ಮೆಕ್ಯಾನಿಕ್ ಮಾತನ್ನು ಅಲ್ಲೇ ತಡೆದುಕೊಂಡ. ಅವನ ಕಣ್ಣು ತುಂಬಿತ್ತು. ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತ ತಲೆ ತಗ್ಗಿಸಿದ. "ಇಲ್ಲ. ತಪ್ಪು ನಂದೇ. ಕ್ಷಮಿಸಿಬಿಡಿ."

ತಪ್ಪೊಪ್ಪಿಗೆ ಸಿಕ್ಕಿತು. ತಂದೆಯ ಎದೆಯ ಭಾರ ಮಾತ್ರ ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ.

ಸೊಸೆ ಕಾರನ್ನು ನಿಧಾನವಾಗಿ ಇಳಿಜಾರಿನಲ್ಲಿ ತಂದಳು, ಬ್ರೇಕಿನಿಂದ ಕಾಲು ತೆಗೆಯದೆ. ತಿರುವು ಬಂತು. ಮೊಮ್ಮಗಳು ಕಿಟಕಿಗೆ ಮುಖವೊತ್ತಿದಳು. ಕಾರು ನಿಲ್ಲಲಿಲ್ಲ.

ಅಂಗಳದಲ್ಲಿ ಇಳಿದ ತಂದೆಯನ್ನು ಕಾಲುಗಳೇ ನಲ್ಲಿಯ ಬಳಿಗೆ ಕರೆದೊಯ್ದವು. ಬಕೆಟ್ ತುಂಬಿತು. ಅವರು ಮುಂದಿನ ಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕುಳಿತು ಚೊಂಬು ಎತ್ತಿದರು. ಪುಟ್ಟ ಕೈಯೊಂದು ಅವರ ಮಣಿಕಟ್ಟನ್ನು ಹಿಡಿಯಿತು.

"ಈಗ್ಲೇ ಬೇಡ ತಾತಾ. ಚಕ್ರ ಬಿಸಿ ಇದೆ."

"ಇದ್ರೇನಮ್ಮಾ?"

ಮೊಮ್ಮಗಳು ಅಮ್ಮನ ಕಡೆ ನೋಡಿದಳು, ತಾತನ ಕಡೆ ನೋಡಿದಳು. "ಬಿಸಿ ಇದ್ದಾಗ ತಣ್ಣೀರು ಬಿದ್ರೆ ಒಳಗಿರೋ ಡಿಸ್ಕ್ ಸೊಟ್ಟಗಾಗುತ್ತಂತೆ. ಮೆಕ್ಯಾನಿಕ್ ಮಾಮ ಅಪ್ಪಂಗೆ ಹೇಳಿದ್ರು. ಅದಕ್ಕೇ ನಾವು ದಿನಾ ಆ ತಿರುವಲ್ಲಿ ಕೂತು ಕಾಯ್ತಿದ್ವಿ, ಬಿಸಿ ಆರೋವರೆಗೂ. ತಾತನಿಗೆ ಗೊತ್ತಾದ್ರೆ ಇನ್ಮೇಲೆ ಬಕೆಟ್ ಮುಟ್ಟಲ್ಲ, ಯಾರೂ ಹೇಳ್ಬಾರ್ದು ಅಂತ ಅಪ್ಪ ನನ್ ಹತ್ರ, ಅಮ್ಮನ ಹತ್ರ, ಮೆಕ್ಯಾನಿಕ್ ಮಾಮನ ಹತ್ರನೂ ಆಣೆ ಹಾಕಿಸ್ಕೊಂಡಿದ್ರು."

ತಂದೆ ಚೊಂಬನ್ನು ಕೆಳಗಿಟ್ಟರು. ಏಳಲಿಲ್ಲ. ಮೊಮ್ಮಗಳು ಅವರ ಪಕ್ಕದಲ್ಲಿ ಕುಳಿತಳು. ಅರ್ಧ ಗಂಟೆ ಹಾಗೆಯೇ ಕಳೆಯಿತು. ಆಮೇಲೆ ಅವರು ಚಕ್ರವನ್ನು ಅಂಗೈಯಿಂದ ಮುಟ್ಟಿ ನೋಡಿ, ಮೊದಲ ಚೊಂಬು ಸುರಿದರು. ಚುಂಯ್ ಎನ್ನುವ ಸದ್ದು ಬರಲಿಲ್ಲ.

"ದೇವರೇ, ನನ್ನ ಮಗನನ್ನ ಇನ್ನು ಯಾವ ತಿರುವಿನಲ್ಲೂ ಕಾಯಿಸಬೇಡಪ್ಪಾ, ನೇರ ನಿನ್ನ ಮನೆಗೆ ಕರ್ಕೊಂಡು ಅವನಿಗೆ ಶಾಂತಿ ಕೊಡು."