ಪರದೆಯ ಈಚೆ

ಕಲೆಯನ್ನು ಕೈಯಿಂದ ಕೈಗೆ ದಾಟಿಸುವುದು ಬಂದಮೇಲೆ ಅಳಿವಿನಂಚಿನ ಕಲೆಗಳ ವಿಶ್ವಮೇಳಕ್ಕೆ ಜನ ಹೆಚ್ಚಿದ್ದಾರೆ. ಅಂಗೈಗೆ ಅಂಗೈ ಒತ್ತಿ ಕುಳಿತರೆ ಸಾಕು. ಕೊಟ್ಟವರಲ್ಲಿ ಮಾತ್ರ ಆ ಕಲೆ ಉಳಿಯುವುದಿಲ್ಲ, ಅದು ಬರುತ್ತಿತ್ತೆಂಬ ನೆನಪೂ ಇರುವುದಿಲ್ಲ. ಪಕ್ಕದ ಮಳಿಗೆಯಲ್ಲಿ ಮಂಗೋಲಿಯಾದ ಮುದುಕರೊಬ್ಬರಿಂದ ಗಂಟಲ ಹಾಡು ಪಡೆದ ಬಸ್ ಕಂಡಕ್ಟರ್ ಆಗಲೇ ಗುಂಯ್‌ಗುಡುತ್ತಿದ್ದರು.

ನನ್ನಜ್ಜಿ ಹುಲಿಗೆವ್ವ ತೊಗಲು ಗೊಂಬೆಯಾಟ ಬಲ್ಲ ಕೊನೆಯವಳು. ಅದನ್ನೂ ಕೊಟ್ಟುಬಿಟ್ಟರೆ ಅವಳಲ್ಲಿ ಏನು ಉಳಿದೀತೆಂದು ನನಗೆ ಭಯ.

"ಬ್ಯಾಡಜ್ಜಿ," ಎಂದೆ.

"ಕೈ ತಾರೇ ನೀಲಾ. ಸತ್ತಮ್ಯಾಲೆ ಕೊಡಾಕ ಬರತೈತೇನು?"

ಸಂಜೆ ಪರದೆಯ ಹಿಂದೆ ಕುಳಿತೆ. ನಾಲ್ಕು ಜನರೆದುರು ಬಾಯಿಬಿಡದ ನಾನು ಆಟದಲ್ಲಿ ನಗಿಸುವ ಬಂಗಾರಕ್ಕನ ಗೊಂಬೆ ಎತ್ತಿ ಅವಳ ಡೊಳ್ಳುಹೊಟ್ಟೆಯ ಗಂಡನನ್ನು ಬೈದೆ: "ಊರ ಕೆರಿ ತುಂಬಿದ್ರೂ ನಿನ್ನ ಹೊಟ್ಟಿ ತುಂಬಂಗಿಲ್ಲಲೋ."

ಮುಂದಿನ ಸಾಲಿನಿಂದ ಅಜ್ಜಿಯ ನಗು ಕೇಳಿತು. ಬಿದ್ದು ಬಿದ್ದು ನಗುತ್ತಿದ್ದಳು. ಜೀವಮಾನವೆಲ್ಲ ಪರದೆಯ ಹಿಂದೆ ಕಳೆದವಳು ಈಚೆ ಕುಳಿತು ಆಟ ನೋಡಿದ್ದು ಇದೇ ಮೊದಲು.

ಆಟ ಮುಗಿದಮೇಲೆ ಒಳಗೆ ಬಂದು ನನ್ನ ಕೆನ್ನೆ ಸವರಿದಳು. "ಇಷ್ಟು ಚಲೋ ಆಡ್ಸೋದು ಯಾರ ಹತ್ರ ಕಲ್ತಿಯೇ?"

"ನಿನ್ನ ಹತ್ರಾನೇ."

"ಸುಳ್ಳುಬುರುಕಿ. ನನಗೆಲ್ಲಿ ಬರತೈತಿ? ಆ ಹೊಟ್ಟಿ ಮಾತು ಇನ್ನೊಮ್ಮೆ ಹೇಳು," ಎಂದವಳೇ ಓಡಿಹೋಗಿ ಪರದೆಯ ಮುಂದೆ ಕುಳಿತಳು.