ಜೋರು ಹಾಡಿನ ಮನೆ

ಮುದುಕಿ ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಎದುರಿಗೆ ಕೂತ ರಿಪೇರಿಯವನು ವೈಫೈ ಸ್ಪೀಕರನ್ನು ತಿರುಗಿಸಿ ನೋಡುತ್ತಿದ್ದ. ಮಗ ಚೆಲುವರಾಜ ಪಕ್ಕದಲ್ಲೇ ನಿಂತು ಅವಸರ ಮಾಡುತ್ತಿದ್ದ.

“ಮೂರು ದಿನದಿಂದ ಹಾಡಿಲ್ಲ. ಬೇಗ ಮಾಡಪ್ಪ, ನಮ್ಮನೇಲಿ ಹಾಡು ಜೋರಾಗೇ ಇರ್ಬೇಕು.”

“ಸ್ಪೀಕರೂ ಸರಿಯಿದೆ, ನೆಟ್ಟೂ ಸರಿಯಿದೆ ಸಾರ್. ಯಾರೋ ಹಿಂದಿನ ತೂತಿಗೆ ಪಿನ್ನು ಹಾಕಿ ರೀಸೆಟ್ ಒತ್ತಿ ಸೆಟ್ಟಿಂಗೆಲ್ಲ ಅಳಿಸಿದ್ದಾರೆ. ಜೊತೇಲಿ ಬಂದ ಪುಸ್ತಕ ಓದಿದೋರಿಗೆ ಮಾತ್ರ ಇದು ಗೊತ್ತಾಗೋದು.”

“ಅಮ್ಮಂಗೆ ಅಕ್ಷರ ಬರಲ್ಲ. ಹಂಗಾದ್ರೆ ನನ್ನ ಹೆಂಡ್ತೀನೇ!”

ಚೆಲುವರಾಜ ಬೆಲ್ಟು ಬಿಚ್ಚುತ್ತಾ ಒಳಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡ. ಏಟಿನ ಮೇಲೆ ಏಟು ಕೇಳಿಸಿತು. “ನಾನಲ್ಲ ರೀ, ತಲೆಗೆ ಹೊಡೀಬೇಡಿ” ಎಂದು ಸೊಸೆ ಕಿರುಚಿದಳು. ಗೋಡೆಗೆ ಏನೋ ದಡ್ಡೆಂದು ಬಡಿಯಿತು.

ರಿಪೇರಿಯವನು ಎದ್ದು ನಿಂತ. “ಅಜ್ಜಿ, ದಿನಾ ಹಿಂಗೇನಾ? ಅಕ್ಕಪಕ್ಕದೋರು ಸುಮ್ನಿದ್ದಾರಾ?”

“ಅವರಿಗೆ ಬರೀ ಹಾಡು ಕೇಳಿಸ್ತಿತ್ತು ಕಣಪ್ಪ.”

ಮುದುಕಿ ಅಕ್ಕಿ ಡಬ್ಬದ ತಳಕ್ಕೆ ಕೈ ಹಾಕಿ ಮಡಿಸಿದ ಕಾಗದವೊಂದನ್ನು ತೆಗೆದಳು. ಒಳಗೆ ಅವಳು ಮಗನಿಗೆ ತಿಳಿಯದಂತೆ ರಾತ್ರಿ ಶಾಲೆಯಲ್ಲಿ ತಿದ್ದಿ ಕಲಿತ ದುಂಡಕ್ಷರಗಳಿದ್ದವು.

“ಪೊಲೀಸರಿಗೆ ಅಂತ ಬರೆದು ಒಂದು ವರ್ಷ ಆಯ್ತು. ಸಾಕ್ಷಿ ಅನ್ನೋ ಜಾಗದಲ್ಲಿ ಹೆಸರು ಹಾಕೋಕೆ ಯಾರೂ ಸಿಕ್ಕಿರಲಿಲ್ಲ. ನಿನ್ನ ಹೆಸರು ಬರಿ. ಠಾಣೆ ಬೀದಿ ಕೊನೇಲೇ ಇದೆ, ಓಡು.”

ಅವನು ಹೆಸರು ಬರೆದು, ಕಾಗದ ಹಿಡಿದು ಓಡಿದ.

ಮುದುಕಿ ಮೊರ ಕೆಳಗಿಟ್ಟು, ಒಳಕೋಣೆಯ ಬಾಗಿಲು ಬಡಿದಳು.

“ಬಾಗಿಲು ತೆಗಿಯೋ ಚೆಲುವ. ಪಿನ್ನು ಹಾಕಿ ಒತ್ತಿದ್ದು ನಾನು.”