ರಾಣಿಯ ಅಳಗುಳಿ ಮಣೆ

"ರಾಣಿಯೂ ದಾಸಿಯೂ ಆಡುತ್ತಿದ್ದಾಗ ಶತ್ರುಗಳು ಕೋಟೆಗೆ ನುಗ್ಗಿದರು. ಆಟ ಅರ್ಧಕ್ಕೇ ನಿಂತಿತು. ಮುನ್ನೂರು ವರ್ಷದಿಂದ ಈ ಅಳಗುಳಿ ಮಣೆಯ ಒಂದು ಹುಣಸೆಬೀಜವನ್ನೂ ಯಾರೂ ಮುಟ್ಟಿಲ್ಲ" ಎನ್ನುತ್ತ ಪುಟ್ಟ ಮ್ಯೂಸಿಯಮ್ಮಿನ ಗೈಡು ಮಣೆಯತ್ತ ಕೈ ಚಾಚಿದ.

ಗಾಜಿನ ಪೆಟ್ಟಿಗೆಗೆ ಮೂಗು ತಾಗಿಸಿ ನೋಡುತ್ತಿದ್ದ ಅಜ್ಜಿ ತಲೆಯೆತ್ತಿದರು. "ನಿನ್ನೆ ಬಂದಾಗ ಈ ಮೂಲೆ ಗುಳೀಲಿ ಐದು ಬೀಜ ಇತ್ತಲ್ಲಪ್ಪ. ಇವತ್ತು ಖಾಲಿ?"

ಗೈಡು ದನಿ ತಗ್ಗಿಸಿದ. "ಅಮ್ಮಾ, ದಮ್ಮಯ್ಯ, ಯಾರಿಗೂ ಹೇಳ್ಬೇಡಿ, ಕೆಲಸ ಹೋಗುತ್ತೆ. ಊಟದ ಹೊತ್ತಲ್ಲಿ ನಾವೇ ಆಡ್ತೀವಿ. ರಾಣಿ ಕಡೆ ನಾನು, ದಾಸಿ ಕಡೆ ಕಸ ಗುಡಿಸೋ ಪುಟ್ಟಲಕ್ಷ್ಮಮ್ಮ."

"ಗೆಲ್ತಿರೋದು ಯಾರು?"

"ದಿನಾ ದಾಸೀನೇ."

ಅಜ್ಜಿ ಅತ್ತಿತ್ತ ನೋಡಿ, ಚೀಲ ಕೆಳಗಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

"ಗಾಜು ತೆಗಿ. ಅವಳನ್ನ ಕರಿ."